ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು?

ಪಿಕಪ್ ಗಾಡಿಯ ಡೀಸೆಲ್ ಪಂಪು ನಡುದಾರಿಯಲ್ಲಿ ಕೈಕೊಡುವ ಎಷ್ಟೋ ದಿನ ಮೊದಲೇ ಸುಳಿವು ಕೊಟ್ಟಿರುತ್ತದೆ. ಆ ಸುಳಿವು ಗಾಡಿಯೊಳಗೇ ಅಂಕಿಯಾಗಿ ಕೂತಿರುತ್ತದೆ. ಓದುವವರು ಬೇಕು, ಅಷ್ಟೆ.

ಚಳ್ಳಕೆರೆ ತಾಲ್ಲೂಕು ನಾಯಕನಹಟ್ಟಿ ಹೋಬಳಿಯ ಕುದಾಪುರದ ಕಡೆ ಹೋದವರಿಗೆ ಮೊದಲು ಕಾಣುವುದು ಬೇಲಿ. ಒಂದು ಕಾಲಕ್ಕೆ ಅಮೃತಮಹಲ್ ದನ, ಊರ ಕುರಿ ಮೇಯುತ್ತಿದ್ದ ಕಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಎರಡನೇ ಕ್ಯಾಂಪಸ್ ಇದೆ. ಅತ್ತ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. 2017ರ ಮೇ ತಿಂಗಳಲ್ಲಿ ಅದರ ಉದ್ಘಾಟನೆ ಆಗುವುದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ರುಸ್ತುಂ-2 ಎಂಬ ಪೈಲಟ್ ಇಲ್ಲದ ವಿಮಾನ ಇಲ್ಲಿಂದ ಮೊದಲ ಬಾರಿ ಹಾರಿತು. ಅದಕ್ಕೆ ತಪಸ್ ಎಂಬ ಹೆಸರೂ ಇದೆ. ಇಸ್ರೊದ ಮರುಬಳಕೆ ಉಡಾವಣಾ ವಾಹನವನ್ನು 2023ರ ಏಪ್ರಿಲ್‌ನಲ್ಲಿ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ತಾನಾಗಿಯೇ ಇಳಿಯುವಂತೆ ಮಾಡಿದ್ದೂ ಇದೇ ವಲಯದ ರನ್‌ವೇಯಲ್ಲಿ.

ತಪಸ್‌ಗೆ ನಂತರ ಕೂಡಿಸಿದ್ದು ಆಸ್ಟ್ರಿಯಾದ ಆಸ್ಟ್ರೋ ಕಂಪನಿಯ ಡೀಸೆಲ್ ಎಂಜಿನ್. ಅದರ ವಂಶಾವಳಿ ಕೆದಕಿದರೆ ಸಿಗುವುದು ಮರ್ಸಿಡಿಸ್ ಬೆಂಝ್ ಕಾರಿನ ಎಂಜಿನ್. ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ತುಂಬಿಟ್ಟು, ಅಲ್ಲಿಂದ ಸಿಲಿಂಡರುಗಳಿಗೆ ಚಿಮ್ಮಿಸುವ ಕಾಮನ್ ರೇಲ್ ವ್ಯವಸ್ಥೆ ಅದರಲ್ಲಿದೆ. ಬೇಲಿಯ ಹೊರಗಿನ ರಸ್ತೆಯಲ್ಲಿ ಈರುಳ್ಳಿ, ಟೊಮೆಟೊ, ಶೇಂಗಾ ಚೀಲ, ಸಂತೆಯ ಕುರಿ ಹೇರಿಕೊಂಡು ಓಡುವ ಪಿಕಪ್ಪಿನ ಬಾನೆಟ್ಟಿನ ಕೆಳಗೂ ಇರುವುದು ಅದೇ ವ್ಯವಸ್ಥೆ. ಮೇಲಿನದೂ ಕೆಳಗಿನದೂ ದಾಯಾದಿಗಳು.

ವ್ಯತ್ಯಾಸ ಇರುವುದು ನೋಡಿಕೊಳ್ಳುವವರಲ್ಲಿ. ಹಾರುವ ಯಂತ್ರದ ಬಿಸಿ, ವೇಗ, ಒತ್ತಡಗಳನ್ನು ನೆಲದ ಮೇಲೆ ಕುಳಿತವರು ಪರದೆಯಲ್ಲಿ ಕಣ್ಣಿಟ್ಟು ನೋಡುತ್ತಿರುತ್ತಾರೆ. ಪಿಕಪ್ಪಿನಲ್ಲೂ ಒತ್ತಡ ಅಳೆಯುವ ಸೆನ್ಸರ್ ಇದೆ. ಅದು ಕ್ಷಣಕ್ಷಣವೂ ಅಳೆಯುತ್ತದೆ, ಗಾಡಿಯ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಡ್ರೈವರಿಗೆ ಮಾತ್ರ ಆ ಅಂಕಿ ಕಾಣುವುದಿಲ್ಲ. ಅವನ ಪಾಲಿಗೆ ಬರುವುದು ಒಂದು ಹಳದಿ ದೀಪ. ಅದೂ ಕೆಲಸ ಕೆಟ್ಟ ಮೇಲೆ.

ಶೇಂಗಾ ಎಣ್ಣೆಯಿಂದ ಮೈಕೋ ಪಂಪಿನವರೆಗೆ

ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುವುದು ರೂಢಿ. ಶೇಂಗಾ ಬೆಳೆ, ಎಣ್ಣೆ ಮಿಲ್ಲು, ಎಣ್ಣೆ ವ್ಯಾಪಾರ ಈ ಊರನ್ನು ಬೆಳೆಸಿದವು. ಡೀಸೆಲ್ ಎಂಜಿನ್ನಿಗೂ ಶೇಂಗಾ ಎಣ್ಣೆಗೂ ಹಳೆಯ ನಂಟು ಇದೆ ಎಂಬುದನ್ನು ಈ ಊರಿನವರಾದರೂ ಹೆಮ್ಮೆಯಿಂದ ಹೇಳಿಕೊಳ್ಳಬಹುದು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುವ ಶೇಂಗಾ ಎಂಜಿನ್ನಿಗೆ ಆದೀತೇ ಎಂದು ನೋಡುವ ಆಸೆ ಫ್ರಾನ್ಸ್ ಸರ್ಕಾರಕ್ಕಿತ್ತು. ಎಣ್ಣೆ ಬದಲಾದದ್ದು ನೋಡುವವರಿಗೆ ಗೊತ್ತೇ ಆಗದಷ್ಟು ನಯವಾಗಿ ಎಂಜಿನ್ ನಡೆಯಿತು ಎಂದು ರುಡಾಲ್ಫ್ ಡೀಸೆಲ್ ಮುಂದೆ ನೆನಪಿಸಿಕೊಂಡಿದ್ದ.

ಆಗಿನ ಎಂಜಿನ್ನಿನಲ್ಲಿ ಎಣ್ಣೆಯನ್ನು ಸಿಲಿಂಡರಿಗೆ ಊದಲು ಬೇರೆಯದೇ ಗಾಳಿಯ ಕಂಪ್ರೆಸರ್ ಬೇಕಿತ್ತು. ಅದರ ಭಾರಕ್ಕೆ ಎಂಜಿನ್ ಕಾರ್ಖಾನೆಯಲ್ಲೋ ಹಡಗಿನಲ್ಲೋ ಕೂರಬೇಕಿತ್ತು. ಗಾಡಿ ಹತ್ತುವ ಮಾತೇ ಇರಲಿಲ್ಲ. ಗಾಳಿಯ ಹಂಗಿಲ್ಲದೆ, ಎಣ್ಣೆಯನ್ನೇ ಅಳೆದು ಒತ್ತಿ ಚಿಮ್ಮಿಸುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿ ರಸ್ತೆಗಳಲ್ಲಿ ಹರಡಿತು. ಹಾಗೆ ನೋಡಿದರೆ ಡೀಸೆಲ್ ಗಾಡಿಯ ಕಥೆ ಎಂದರೆ ಅದರ ಪಂಪಿನ ಕಥೆಯೇ.

ಆ ಪಂಪು ನಮ್ಮಲ್ಲಿಗೆ ಬಂದದ್ದು ಬೆಂಗಳೂರಿನ ದಾರಿಯಾಗಿ. ಬಾಷ್ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. ಜನರ ಬಾಯಲ್ಲಿ ಅದು ಮೈಕೋ ಆಯಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಅದು ಈಗಲೂ ‘ಮೈಕೋ ಪಂಪು’. ಬಸ್‌ಸ್ಟ್ಯಾಂಡಿನ ಆಸುಪಾಸು ‘ಡೀಸೆಲ್ ಪಂಪ್ ಮತ್ತು ನಾಝಲ್ ಸರ್ವಿಸ್’ ಎಂಬ ಬೋರ್ಡು ನೇತುಹಾಕಿದ ಅಂಗಡಿಗಳ ವಿದ್ಯೆ ಆ ಪಂಪಿನ ಸುತ್ತಲೇ ಬೆಳೆದದ್ದು: ಗಾಜಿನ ಅಳತೆ ನಳಿಕೆಗಳ ಸಾಲು, ತಿರುಗುವ ಟೆಸ್ಟ್ ಬೆಂಚು, ಎಲ್ಲ ನಳಿಕೆಗೂ ಸಮನಾಗಿ ಎಣ್ಣೆ ಬಿತ್ತೇ ಎಂದು ಬಗ್ಗಿ ನೋಡುವ ಕಣ್ಣು.

ಆ ಹಳೆಯ ಪಂಪಿಗೆ ಸೈರಣೆ ಇತ್ತು. ಸ್ವಲ್ಪ ಕಸ, ಸ್ವಲ್ಪ ನೀರು, ಒಮ್ಮೊಮ್ಮೆ ಸೀಮೆಎಣ್ಣೆಯ ಕಲಬೆರಕೆಯನ್ನೂ ನುಂಗಿಕೊಂಡು, ಹೊಗೆ ಉಗುಳುತ್ತ, ಮಿಸ್ ಹೊಡೆಯುತ್ತ ಊರಾದರೂ ಮುಟ್ಟಿಸುತ್ತಿತ್ತು. ಹೊಗೆಯ ಬಣ್ಣ, ಎಂಜಿನ್ನಿನ ಸದ್ದು ಕೇಳಿಯೇ ಮೇಸ್ತ್ರಿ ರೋಗ ಹೇಳುತ್ತಿದ್ದ. ಈಗಿನ ಗಾಡಿಯ ಕಂಪ್ಯೂಟರು ಏರುಪೇರನ್ನು ತಾನೇ ಸರಿದೂಗಿಸಿಕೊಳ್ಳುತ್ತ ಹೋಗುತ್ತದೆ. ಪಂಪು ಸವೆದಷ್ಟೂ ಅದಕ್ಕೆ ಹೆಚ್ಚು ಎಣ್ಣೆ ಬಿಟ್ಟು ಒತ್ತಡ ಹಿಡಿದು ನಿಲ್ಲಿಸುತ್ತದೆ. ಹೊರಗೆ ಎಲ್ಲ ನೆಟ್ಟಗೇ ಕಾಣುತ್ತದೆ. ಸರಿದೂಗಿಸುವ ಶಕ್ತಿ ಮುಗಿದ ದಿನ ಗಾಡಿ ನಿಲ್ಲುತ್ತದೆ. ಕಿವಿಗೆ ಕೇಳುತ್ತಿದ್ದ ರೋಗ ಈಗ ಅಂಕಿಯೊಳಗೆ ಅಡಗಿದೆ.

ಐವತ್ತು ಬೋರ್‌ವೆಲ್ಲಿನ ಒತ್ತಡ

ಈಗಿನ ಡೀಸೆಲ್ ಪಿಕಪ್ಪಿನಲ್ಲಿ ಎರಡು ಹಂತದ ಪಂಪು ಇರುತ್ತದೆ. ಮೊದಲನೆಯದು ಟ್ಯಾಂಕಿನಿಂದ ಡೀಸೆಲ್ ತಂದುಕೊಡುವ ಚಿಕ್ಕ ಪಂಪು. ಕೆಲವು ಗಾಡಿಗಳಲ್ಲಿ ಅದು ಟ್ಯಾಂಕಿನೊಳಗೇ ಮುಳುಗಿ ಕೂತ ವಿದ್ಯುತ್ ಪಂಪು, ಹಿಂದಿನಿಂದ ನೂಕುತ್ತದೆ. ಕೆಲವದರಲ್ಲಿ ದೊಡ್ಡ ಪಂಪಿನ ಬೆನ್ನಿಗೆ ಅಂಟಿಕೊಂಡ ಗೇರ್ ಪಂಪು, ಮುಂದಿನಿಂದ ಎಳೆಯುತ್ತದೆ. ನಡುವೆ ಫಿಲ್ಟರ್, ಅದರ ತಳದಲ್ಲಿ ನೀರು ಬೇರ್ಪಡಿಸುವ ಬಟ್ಟಲು. ಎರಡನೆಯದು ಎಂಜಿನ್ನಿನ ಬಲದಿಂದಲೇ ತಿರುಗುವ ಹೈ ಪ್ರೆಶರ್ ಪಂಪು. ಅದು ಒತ್ತಿ ಕಳಿಸಿದ ಡೀಸೆಲ್ ದಪ್ಪ ಗೋಡೆಯ ಉಕ್ಕಿನ ಕೊಳವೆಯಲ್ಲಿ, ಅಂದರೆ ರೇಲಿನಲ್ಲಿ, ತುಂಬಿಕೊಂಡು ಕಾಯುತ್ತದೆ. ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಇಂಜೆಕ್ಟರ್ ಬಾಯಿ ತೆರೆಯುತ್ತದೆ.

ಒತ್ತಡ ಎಷ್ಟು ಎಂದರೆ, 1,600 ಬಾರ್ ಈಗ ಸಾಮಾನ್ಯ. ಅದನ್ನು ದಾಟಿದ ಎಂಜಿನ್‌ಗಳೂ ಇವೆ. ಅಂಕಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಬೋರ್‌ವೆಲ್ ಲೆಕ್ಕದಲ್ಲಿ ನೋಡೋಣ. ಹತ್ತು ಮೀಟರ್ ನೀರಿನ ಕಂಬ ತನ್ನ ಬುಡದಲ್ಲಿ ಹಾಕುವ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತ ಸಾವಿರ ಅಡಿ ಕೊರೆಸಿ ಆ ಆಳದಿಂದ ನೀರೆತ್ತಬೇಕೆಂದರೆ ಮೋಟರು ಸುಮಾರು 30 ಬಾರ್ ಒತ್ತಡ ಹುಟ್ಟಿಸಬೇಕು. ಅಂಥ ಐವತ್ತಕ್ಕೂ ಹೆಚ್ಚು ಬೋರುಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದರೆ, ಹದಿನಾರು ಕಿಲೋಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿ, ರೇಲಿನ ಒತ್ತಡ ಸಿಗುತ್ತದೆ. ಸಮುದ್ರದ ಅತಿ ಆಳದ ತಗ್ಗಾದ ಮರಿಯಾನಾ ಕಂದಕದ ತಳದಲ್ಲೂ ಇರುವುದು ಸುಮಾರು 1,100 ಬಾರ್ ಮಾತ್ರ.

ಇಷ್ಟು ಒತ್ತುವುದು ಏಕೆ? ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನಲ್ಲಿ ಒಟ್ಟು ಸೆಕೆಂಡಿಗೆ ನೂರು ಬಾರಿ ಡೀಸೆಲ್ ಹೊತ್ತಿಕೊಳ್ಳಬೇಕು. ಪ್ರತಿ ಬಾರಿಯೂ ಹೋಗುವುದು ಹೆಚ್ಚೆಂದರೆ ಒಂದು ಹನಿಯಷ್ಟು ಎಣ್ಣೆ. ಆ ಹನಿಯನ್ನು ಕೂದಲಿಗಿಂತ ತುಸು ದಪ್ಪನೆಯ ರಂಧ್ರಗಳಿಂದ ಮಂಜಿನಂತೆ ಸಿಡಿಸಿದರೆ ಪೂರ್ತಿ ಉರಿಯುತ್ತದೆ; ದಪ್ಪ ಹನಿಯಾಗಿ ಬಿದ್ದರೆ ಅರ್ಧ ಉರಿದು ಕರಿ ಹೊಗೆಯಾಗುತ್ತದೆ. ಒತ್ತಡ ಹೆಚ್ಚಿದಷ್ಟೂ ಮಂಜು ನವಿರು, ಹೊಗೆ ಕಡಿಮೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಚಿಕ್ಕ ಪಿಕಪ್‌ಗಳನ್ನೂ ಈ ದಾರಿಗೆ ತಂದಿತು. 2005ರಲ್ಲಿ ಬಂದು ಹಳ್ಳಿಹಳ್ಳಿಗೂ ಹೊಕ್ಕ ಟಾಟಾ ಏಸ್‌ನ ಮೊದಲ ಎರಡು ಸಿಲಿಂಡರ್ ಎಂಜಿನ್ನಿನಲ್ಲಿ ಇದ್ದದ್ದು ಹಳೆಯ ಕಾಲದ ಮೆಕ್ಯಾನಿಕಲ್ ಪಂಪು. ಈಗ ಆ ವರ್ಗದ ಡೀಸೆಲ್ ಗಾಡಿಗೂ ಕಾಮನ್ ರೇಲ್ ಬಂದಿದೆ.

ಒತ್ತಡ ಹಿಡಿದು ನಿಲ್ಲಬೇಕಾದರೆ ಪಂಪಿನ ಪ್ಲಂಜರು ಮತ್ತು ಅದು ಆಡುವ ಕೊಳವೆಯ ನಡುವೆ ಸಂದಿ ಇರಬಾರದು. ಆದರೆ ಪ್ಲಂಜರು ಆಡಲೂ ಬೇಕು. ಹಾಗಾಗಿ ಬಿಡುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿಗೆ ಬೇರೆ ಗ್ರೀಸಿಲ್ಲ, ಬೇರೆ ಆಯಿಲ್ಲಿಲ್ಲ. ಹಾದುಹೋಗುವ ಡೀಸೆಲ್ಲೇ ಅದಕ್ಕೆ ಜಾರುಎಣ್ಣೆ. ಡೀಸೆಲ್ ಪಂಪಿನ ಮೂಲಕ ಹೋಗುವ ಸರಕೂ ಹೌದು, ಪಂಪನ್ನು ಕಾಯುವ ಕಾವಲುಗಾರನೂ ಹೌದು. ಡೀಸೆಲ್ ಕೆಟ್ಟರೆ ಎರಡೂ ಕೆಡುತ್ತವೆ.

ಇಲ್ಲೊಂದು ತೊಡಕೂ ಇದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಗಂಧಕ ನೂರಕ್ಕೆ ಒಂದು ಭಾಗದವರೆಗೂ ಇರಬಹುದಿತ್ತು. ಬಿಎಸ್-4ರಲ್ಲಿ ಅದು ಹತ್ತು ಲಕ್ಷಕ್ಕೆ 50 ಭಾಗಕ್ಕೆ, ಬಿಎಸ್-6ರಲ್ಲಿ 10 ಭಾಗಕ್ಕೆ ಇಳಿಯಿತು. ಉಸಿರಾಡುವವರಿಗೆ ಒಳ್ಳೆಯದಾಯಿತು. ಆದರೆ ಗಂಧಕ ತೆಗೆಯಲು ರಿಫೈನರಿಯಲ್ಲಿ ಮಾಡುವ ಸಂಸ್ಕಾರದಲ್ಲಿ, ಲೋಹಕ್ಕೆ ಅಂಟಿಕೊಂಡು ಜಾರುವಿಕೆ ಕೊಡುವ ಅಂಶಗಳೂ ಹೊರಟುಹೋಗುತ್ತವೆ. ಹೀಗಾಗಿ ಜಾರುವಿಕೆ ಕೊಡುವ ಸೇರ್ಪಡೆಯನ್ನು ಮತ್ತೆ ಬೆರೆಸಬೇಕಾಗುತ್ತದೆ. ಪರೀಕ್ಷೆಯಲ್ಲಿ ಡೀಸೆಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು ತಟ್ಟೆಯ ಮೇಲೆ ಉಜ್ಜಿ, ಬಿದ್ದ ಸವೆತದ ಗುರುತನ್ನು ಅಳೆಯುತ್ತಾರೆ. ನಮ್ಮಲ್ಲಿ ಅದು 460 ಮೈಕ್ರಾನ್ ಮೀರುವಂತಿಲ್ಲ. ಬಂಕಿನ ಡೀಸೆಲ್ ಈ ಪರೀಕ್ಷೆ ದಾಟಿ ಬಂದಿರುತ್ತದೆ. ಬಂಕಿನಿಂದ ಆಚೆ ಅದಕ್ಕೆ ನಾವು ಮಾಡುವುದಕ್ಕೆ ಪರೀಕ್ಷೆ ಇಲ್ಲ.

ನೀರು, ಕಸ, ಗಾಳಿ

ಪಂಪಿನ ಮೊದಲ ಶತ್ರು ನೀರು. ಕಡಿಮೆ ಮಳೆಯ ಸೀಮೆಯಲ್ಲಿ ಡೀಸೆಲ್ಲಿಗೆ ನೀರೆಲ್ಲಿಂದ ಎನ್ನಬಹುದು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯಲ್ಲೇ ತೇವ ಇದೆ. ಬಯಲುಸೀಮೆಯಲ್ಲಿ ಹಗಲು ಕಾದು, ರಾತ್ರಿ ತಣ್ಣಗಾಗುವಾಗ ಟ್ಯಾಂಕಿನ ಗೋಡೆ ಒಳಗೊಳಗೇ ಬೆವರುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕಿಳಿದು ಕೂರುತ್ತದೆ. ಟ್ಯಾಂಕಿನಿಂದ ಎಳೆಯುವ ಕೊಳವೆಯ ಬಾಯಿಯೂ ತಳದ ಹತ್ತಿರವೇ ಇರುತ್ತದೆ. ನೀರು ಪಂಪು ಸೇರಿದರೆ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ನಿಂತ ಗಾಡಿಯಲ್ಲಾದರೆ ತುಕ್ಕು ಕಟ್ಟುತ್ತದೆ.

ಎರಡನೆಯದು ಕಸ. ಹೊಲದ ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ಲನ್ನು ತುರ್ತಿಗೆ ಪಿಕಪ್ಪಿಗೆ ಸುರಿಯುವುದು ಎಲ್ಲ ಊರಲ್ಲೂ ಇದ್ದದ್ದೇ. ಆ ಕ್ಯಾನಿನಲ್ಲಿ ಹಿಂದೆ ಏನಿತ್ತು, ಮುಚ್ಚಳ ಎಷ್ಟು ದಿನ ತೆರೆದಿತ್ತು, ಯಾರೂ ಕೇಳುವುದಿಲ್ಲ. ಕಣ್ಣಿಗೆ ಕಾಣುವ ಕಸ ಫಿಲ್ಟರಿನಲ್ಲಿ ನಿಲ್ಲುತ್ತದೆ. ಪಂಪನ್ನು ಕೆರೆಯುವುದು ಕಣ್ಣಿಗೆ ಕಾಣದ ದೂಳು. ಕಡಿಮೆ ಬೆಲೆಯ ನಕಲಿ ಫಿಲ್ಟರ್ ಹೊರಗಿನಿಂದ ಅಸಲಿಯಂತೆಯೇ ಇರುತ್ತದೆ. ಒಳಗಿನ ಕಾಗದ ಎಷ್ಟು ಮೈಕ್ರಾನ್ ಹಿಡಿಯುತ್ತದೆ ಎಂಬುದು ಪಂಪು ಸವೆದ ಮೇಲಷ್ಟೇ ಗೊತ್ತಾಗುತ್ತದೆ.

ಈ ಎರಡರ ವಿಷಯದಲ್ಲಿ ಎಣ್ಣೆ ನಗರಕ್ಕೆ ಹೊಸದಾಗಿ ಹೇಳಿಕೊಡಬೇಕಾದ್ದು ಏನೂ ಇಲ್ಲ. ಎಣ್ಣೆ ತೆಗೆದವರು ಅದನ್ನು ತಿಳಿಯಾಗಲು ಬಿಡುತ್ತಾರೆ. ಮಡ್ಡಿ ತಳಕ್ಕಿಳಿಯುವವರೆಗೆ ಕಾಯುತ್ತಾರೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುತ್ತಾರೆ, ತಳದ್ದನ್ನು ಬಿಡುತ್ತಾರೆ. ಅಡುಗೆಮನೆಯ ಎಣ್ಣೆಗೆ ಕೊಡುವ ಈ ಮರ್ಯಾದೆಯನ್ನು ಡೀಸೆಲ್ಲಿಗೂ ಕೊಟ್ಟರೆ ಅರ್ಧ ಪಂಪು ಉಳಿಯುತ್ತದೆ: ಕ್ಯಾನನ್ನು ಕುಲುಕದೆ ಇಟ್ಟು, ತಳದ ನಾಲ್ಕು ಬೆರಳು ಬಿಟ್ಟು, ದಟ್ಟ ಜಾಲರಿಯಲ್ಲಿ ಸೋಸಿ ಹಾಕುವುದು.

ಮೂರನೆಯದು ಗಾಳಿ. ‘ಏರ್ ತಗಂಡೈತೆ’ ಎಂಬ ಮಾತು ಕೇಳದ ಡ್ರೈವರಿಲ್ಲ. ಟ್ಯಾಂಕು ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಪಂಪಿಗೆ ಡೀಸೆಲ್ ಬದಲು ಗಾಳಿ ಹೋಗುತ್ತದೆ. ಹಳೆಯ ಪಂಪಿಗೆ ಅದು ಬರೀ ರಗಳೆ. ಹೊಸ ಪಂಪಿಗೆ ಎಣ್ಣೆಯಿಲ್ಲದೆ ಗಾಣ ತಿರುಗಿಸಿದಂತೆ. ಕೆಲವೇ ನಿಮಿಷದ ಒಣ ಓಟ ಲೋಹವನ್ನು ಗೀರುತ್ತದೆ. ಇನ್ನೊಂದು ಬಗೆಯ ಗಾಳಿ ಕಳ್ಳನಂಥದು. ಎಳೆಯುವ ಬಗೆಯ ಪಂಪಿರುವ ಗಾಡಿಯಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪು ಬಿಸಿಲಿಗೆ ಬಿರಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಕ್ಕೆ ನುಗ್ಗುತ್ತದೆ. ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುವುದೊಂದೇ ಗುರುತು.

ಶೇಂಗಾ ಎಣ್ಣೆಯಲ್ಲಿ ಓಡಿದ ಎಂಜಿನ್ನಿನ ಕಥೆ ಕೇಳಿ ಯಾರಾದರೂ ಪಿಕಪ್ಪಿಗೆ ಎಣ್ಣೆ ಸುರಿದಾರು ಎಂದು ಒಂದು ಮಾತು ಹೇಳಿಬಿಡಬೇಕು. ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. 1900ರ ನಿಧಾನದ ಎಂಜಿನ್ ಅದನ್ನು ತಾಳಿಕೊಂಡಿತು. ಮೈಕ್ರಾನ್ ಸಂದಿನ ಪಂಪು ತಾಳದು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದು ಒಂದೆಡೆ ನಿಂತು ಓಡುವ, ಹಳೆಯ ಬಗೆಯ ಡೀಸೆಲ್ ಎಂಜಿನ್‌ಗಳನ್ನು. ರಾಸಾಯನಿಕ ಕ್ರಿಯೆಯಿಂದ ತೆಳುಮಾಡಿದ ಸಸ್ಯದ ಎಣ್ಣೆ, ಅಂದರೆ ಬಯೋಡೀಸೆಲ್, ಬೇರೆ ಮಾತು. ಡೀಸೆಲ್ಲಿಗೆ ನೂರಕ್ಕೆ ಒಂದೆರಡು ಭಾಗ ಬೆರೆತರೂ ಸಾಕು, ಕಳೆದುಹೋದ ಜಾರುವಿಕೆ ಮರಳುತ್ತದೆ. ಆದರೆ ಆ ಲೆಕ್ಕ ರಿಫೈನರಿಯವರದು, ಗಾಡಿ ಮಾಲೀಕನದಲ್ಲ.

ಒಂದು ಪಂಪು, ಇಡೀ ಗಾಡಿ

ಪಂಪು ಕೆಟ್ಟರೆ ಪಂಪಿಗೇ ಮುಗಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ಪಿಕಪ್‌ಗಳ ಅನುಭವ ಸಾಕ್ಷಿ. ಅಲ್ಲಿನ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಸಿಪಿ4 ಎಂಬ ಮಾದರಿಯ ಹೈ ಪ್ರೆಶರ್ ಪಂಪು ಬಂದಾಗ ಒಂದು ವಿಚಿತ್ರ ಕೆಡುಕು ಕಾಣಿಸಿತು. ಕ್ಯಾಮಿನ ಮೇಲೆ ಉರುಳಬೇಕಾದ ರೋಲರ್ ಅಡ್ಡ ತಿರುಗಿ, ಉರುಳುವ ಬದಲು ಉಜ್ಜತೊಡಗುತ್ತಿತ್ತು. ಉದುರಿದ ಲೋಹದ ಪುಡಿ ರೇಲಿಗೆ, ಇಂಜೆಕ್ಟರುಗಳಿಗೆ, ಅಲ್ಲಿಂದ ವಾಪಸು ಪೈಪಿನಲ್ಲಿ ಟ್ಯಾಂಕಿಗೂ ಹೋಗಿ ಸೇರುತ್ತಿತ್ತು. ಪಂಪು ಬದಲಿಸಿದರೆ ಸಾಲದು, ಎಣ್ಣೆ ಮುಟ್ಟಿದ್ದನ್ನೆಲ್ಲ ಬದಲಿಸಬೇಕು. ಅಮೆರಿಕದ ನಿಯಮದಲ್ಲಿ ಸವೆತದ ಗುರುತಿಗೆ 520 ಮೈಕ್ರಾನ್‌ವರೆಗೆ ವಿನಾಯಿತಿ ಇರುವುದೂ, ಅಂದರೆ ಅಲ್ಲಿನ ಡೀಸೆಲ್ಲಿನ ಜಾರುವಿಕೆ ಇನ್ನಷ್ಟು ಕಡಿಮೆ ಇರಬಹುದಾದ್ದೂ, ಚರ್ಚೆಗೆ ಬಂತು. 2021ರ ಕೊನೆಯಲ್ಲಿ ರ‍್ಯಾಮ್ ಪಿಕಪ್‌ಗಳ ತಯಾರಕರು ಎರಡು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಇದೇ ಪಂಪಿನ ಸಲುವಾಗಿ ವಾಪಸು ಕರೆಸಿ, ಹಿಂದಿನ ಮಾದರಿಯ ಪಂಪಿಗೇ ಮರಳಿದರು.

ಇದರಿಂದ ನಮ್ಮ ಪಿಕಪ್ಪಿನವರು ಕಲಿಯಬೇಕಾದ್ದು ಒಂದೇ. ಸವೆತ ಶುರುವಾದಾಗ ಹಿಡಿದರೆ ಖರ್ಚು ಒಂದು ಭಾಗಕ್ಕೆ. ಪುಡಿ ಹರಡಿದ ಮೇಲೆ ಹಿಡಿದರೆ ಖರ್ಚು ಗಾಡಿಗೆ.

ಪಿಕಪ್‌ಗೇ ಪಿಕಪ್ ಇಲ್ಲ

ಹಿಡಿಯುವುದು ಹೇಗೆ? ರೇಲಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್ ಕೂತಿರುತ್ತದೆ. ಒತ್ತಡಕ್ಕೆ ಅದರೊಳಗಿನ ಲೋಹದ ಪೊರೆ ಅತಿ ಸೂಕ್ಷ್ಮವಾಗಿ ಬಾಗುತ್ತದೆ; ಬಾಗಿದಷ್ಟು ವೋಲ್ಟೇಜ್ ಏರುತ್ತದೆ. ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನೊಳಗೆ ಈ ಆಟ. ಕಂಪ್ಯೂಟರು ಎರಡು ಅಂಕಿಗಳನ್ನು ಸದಾ ಹೋಲಿಸುತ್ತಿರುತ್ತದೆ: ತಾನು ಕೇಳಿದ ಒತ್ತಡ, ರೇಲಿನಲ್ಲಿ ಸಿಕ್ಕಿದ ಒತ್ತಡ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಂತರ ಬೆಳೆದು ಮಿತಿ ಮೀರಿದಾಗ ಹಳದಿ ದೀಪ ಹತ್ತುತ್ತದೆ, ಎಂಜಿನ್ ತನ್ನ ಬಲವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ‘ಪಿಕಪ್‌ಗೇ ಪಿಕಪ್ ಇಲ್ಲ ಕಣಣ್ಣ’ ಎಂದು ಡ್ರೈವರು ಗ್ಯಾರೇಜಿಗೆ ಬರುವುದು ಆಗ. ಸ್ಕ್ಯಾನರ್ ಹಾಕಿದರೆ ಪಿ0087 ಎಂಬ ಕೋಡು: ರೇಲಿನಲ್ಲಿ ಒತ್ತಡ ಕಡಿಮೆ.

ದೊಡ್ಡ ತಪ್ಪು ನಡೆಯುವುದು ಇಲ್ಲಿಯೇ. ‘ಒತ್ತಡ ಕಡಿಮೆ’ ಎಂದರೆ ‘ಪಂಪು ಹೋಗಿದೆ’ ಎಂದು ಓದಿಕೊಳ್ಳುವುದು. ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೋಟರನ್ನೇ ದೂರುತ್ತೇವೆಯೆ? ತೊಟ್ಟಿಯಲ್ಲಿ ನೀರಿದೆಯೇ, ಜಾಲರಿ ಕಟ್ಟಿದೆಯೇ, ಪೈಪು ಎಲ್ಲಾದರೂ ಸೋರುತ್ತಿದೆಯೇ, ಮನೆಯವರು ಇನ್ನೊಂದು ನಲ್ಲಿ ಬಿಟ್ಟಿದ್ದಾರೆಯೇ ನೋಡುತ್ತೇವೆ. ಗಾಡಿಯಲ್ಲೂ ಅದೇ ಕ್ರಮ. ಟ್ಯಾಂಕಿನ ಗಾಳಿಯ ದಾರಿ ಮುಚ್ಚಿಲ್ಲ ತಾನೆ? ಫಿಲ್ಟರ್ ಕಟ್ಟಿಲ್ಲ ತಾನೆ? ಎಳೆಯುವ ಪೈಪಿನ ನಡುವೆ ಒಂದು ತುಂಡು ಪಾರದರ್ಶಕ ಪೈಪು ಕೂಡಿಸಿದರೆ ಗುಳ್ಳೆ ಕಾಣುತ್ತದೆಯೇ? ಚಿಕ್ಕ ಪಂಪಿನ ಒತ್ತಡವನ್ನು ಸಾದಾ ಗೇಜಿನಲ್ಲಿ ನೋಡಿದರೆ ಎಷ್ಟಿದೆ? ಇಂಜೆಕ್ಟರುಗಳ ವಾಪಸು ಪೈಪು ಬಿಚ್ಚಿ ನಾಲ್ಕು ಬಾಟಲಿಗೆ ಬಿಟ್ಟರೆ ಯಾವ ಬಾಟಲಿ ಬೇಗ ತುಂಬುತ್ತದೆ? ಬೇಗ ತುಂಬಿದ ಬಾಟಲಿಯ ಇಂಜೆಕ್ಟರ್ ಸೋರುತ್ತಿದೆ. ಪಂಪು ಒತ್ತಿದ್ದನ್ನೆಲ್ಲ ಅದೇ ಬಿಟ್ಟುಕೊಡುತ್ತಿದೆ. ಪಂಪಿಗೆ ಎಣ್ಣೆ ಅಳೆದು ಬಿಡುವ ಕವಾಟ, ಒತ್ತಡ ಮೀರಿದರೆ ತೆರೆಯುವ ಕವಾಟ, ಕೊನೆಗೆ ಸೆನ್ಸರ್, ಅದರ ವೈರು. ಇಷ್ಟನ್ನೂ ದಾಟಿದ ಮೇಲೆ ಉಳಿದರೆ ಅಪವಾದ ಪಂಪಿನದು. ಮೊದಲೇ ಪಂಪು ಬದಲಿಸಿದವನು ಹತ್ತಾರು ಸಾವಿರ ಕೊಟ್ಟು, ಹಳೆಯ ರೋಗದ ಜೊತೆಗೇ ಮನೆಗೆ ಹೋಗುತ್ತಾನೆ.

ಅಂಕಿಯನ್ನು ನೋಡುವ ಹೊತ್ತೂ ಮುಖ್ಯ. ಸೆಲ್ಫ್ ಹೊಡೆಯುವಾಗ ಒತ್ತಡ ಒಂದು ಕನಿಷ್ಠ ಮಟ್ಟ ಮುಟ್ಟದೆ ಕಂಪ್ಯೂಟರು ಇಂಜೆಕ್ಟರ್ ತೆರೆಯುವುದೇ ಇಲ್ಲ. ಬಹಳಷ್ಟು ಗಾಡಿಗಳಲ್ಲಿ ಅದು 150ರಿಂದ 200 ಬಾರ್. ಬೆಳಗಿನ ಸ್ಟಾರ್ಟ್ ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದರೆ ಅದು ಮೊದಲ ಸುಳಿವು. ಐಡಲ್ಲಿನಲ್ಲಿ 250ರಿಂದ 300 ಬಾರಿನ ಆಸುಪಾಸು ಅಂಕಿ ಅಲ್ಲಾಡದೆ ನಿಲ್ಲಬೇಕು. ಮೇಲೆ ಕೆಳಗೆ ತೂಗಿದರೆ ಗಾಳಿಯೋ ಕವಾಟವೋ ಅನುಮಾನ. ನಿಜವಾದ ಪರೀಕ್ಷೆ ಭಾರ ಹೇರಿದಾಗ. ಖಾಲಿ ಗಾಡಿಗೆ ಸವೆದ ಪಂಪೂ ಸಾಕಾಗುತ್ತದೆ. ಲೋಡು ತುಂಬಿ, ಏರಿನಲ್ಲಿ ಪೂರ್ತಿ ತುಳಿದಾಗ ಕೇಳಿದ್ದರ ಹಿಂದೆ ಸಿಕ್ಕಿದ್ದು ಏದುಸಿರು ಬಿಡುತ್ತ ಬರುತ್ತದೆಯೇ ನೋಡಬೇಕು. ಗ್ಯಾರೇಜಿನಲ್ಲಿ ನಿಂತ ಗಾಡಿಗೆ ಸ್ಕ್ಯಾನರ್ ಹಾಕಿ ‘ಎಲ್ಲ ಸರಿಯಾಗೈತೆ’ ಎನ್ನುವುದು, ಮಲಗಿದವನ ಮೈ ಮುಟ್ಟಿ ನೋಡಿ ಮೂಟೆ ಹೊರುತ್ತಾನೆ ಎಂದು ಹೇಳಿದ ಹಾಗೆ.

ಬಿಚ್ಚಬಾರದ ನಟ್ಟು

ಇಲ್ಲೊಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಹಳೆಯ ಪಂಪಿನ ಕಾಲದಲ್ಲಿ ಏರ್ ತೆಗೆಯಲು ನಾಝಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದು, ಮಿಸ್ ಹೊಡೆಯುವ ಸಿಲಿಂಡರ್ ಯಾವುದೆಂದು ತಿಳಿಯಲು ಓಡುವ ಎಂಜಿನ್ನಿನಲ್ಲೇ ಒಂದೊಂದು ನಟ್ಟು ಬಿಚ್ಚಿ ನೋಡುವುದು ಎಲ್ಲ ಮೇಸ್ತ್ರಿಗಳ ಕೈಗೆ ಬಂದ ವಿದ್ಯೆಯಾಗಿತ್ತು. ಕಾಮನ್ ರೇಲಿನಲ್ಲಿ ಅದೇ ಕೈ ಅಪಾಯ ತರುತ್ತದೆ. ಸಾವಿರ ಬಾರ್ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಎಳೆ ಕೈಗವಸನ್ನೂ ಚರ್ಮವನ್ನೂ ಸೂಜಿಯಂತೆ ತೂರಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು; ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಸಾಯುತ್ತಿರುತ್ತದೆ. ಅರಿಸಿನ ಹಚ್ಚಿ ಮಲಗುವ ಗಾಯ ಅದಲ್ಲ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಸಿಗದಿದ್ದರೆ ಬೆರಳು ಉಳಿಯುವುದು ಕಷ್ಟ. ಎಂಜಿನ್ ನಿಲ್ಲಿಸಿ, ರೇಲಿನ ಒತ್ತಡ ಇಳಿಯಲು ಕಂಪನಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಸ್ಪ್ಯಾನರ್ ಹಚ್ಚಬೇಕು. ಸೋರಿಕೆ ಹುಡುಕಲು ಬೆರಳಾಡಿಸುವ ಬದಲು ರಟ್ಟಿನ ತುಂಡು ಹಿಡಿಯಬೇಕು.

ಬಾಟಲಿ ಮತ್ತು ಪುಸ್ತಕ

ಬೆಂಗಳೂರು ಇಲ್ಲಿಂದ ಇನ್ನೂರು ಕಿಲೋಮೀಟರ್ ಆಸುಪಾಸು. ರಾತ್ರಿ ಹೊರಟ ಈರುಳ್ಳಿ ಬೆಳಗಿನ ಹರಾಜಿಗೆ ಮುಟ್ಟಬೇಕು. ಹಿರಿಯೂರು ದಾಟಿ ಹೆದ್ದಾರಿಯ ಬದಿಯಲ್ಲಿ ನಿಂತ ಗಾಡಿಗೆ ರಿಪೇರಿ ಖರ್ಚು ಒಂದು ಲೆಕ್ಕ, ತಪ್ಪಿದ ಮಾರ್ಕೆಟ್ಟು ಇನ್ನೊಂದು. ಟೊಮೆಟೊ ಆದರೆ ಸರಕೇ ಹೋಯಿತು. ಹಾರುವ ಎಂಜಿನ್ನಿಗೆ ಇಂಥ ಗಳಿಗೆಗೆಂದೇ ಜೋಡಿ ಏರ್ಪಾಡು ಇರುತ್ತದೆ. ಆಸ್ಟ್ರೋದ ಆ ಎಂಜಿನ್ನಿಗೆ ಕಂಪ್ಯೂಟರ್ ಎರಡು. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ಪಿಕಪ್ಪಿಗೆ ಜೋಡಿ ಇಲ್ಲ. ಇರುವುದು ಒಂದೇ ಪಂಪು, ಒಬ್ಬನೇ ಡ್ರೈವರು. ಆ ಒಬ್ಬನಿಗೆ ಅಂಕಿ ಕಾಣುವಂತೆ ಮಾಡುವುದೇ ಅವನ ಪಾಲಿನ ಎರಡನೇ ಏರ್ಪಾಡು.

ಅದು ಕಷ್ಟದ ಕೆಲಸವೂ ಅಲ್ಲ. ಸ್ಟೇರಿಂಗಿನ ಕೆಳಗಿರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ರೀಡರು ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತದೆ. ಅನೇಕ ಗಾಡಿಗಳಲ್ಲಿ ಅದು ರೇಲಿನ ಒತ್ತಡವನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಹೊಸ ಗಾಡಿಗಳ ಕಂಪನಿಗಳೂ ಮಾಲೀಕನ ಫೋನಿಗೆ ಸೂಚನೆ ಕಳಿಸುವ ಏರ್ಪಾಡು ಕೊಡುತ್ತಿವೆ: ಮಹೀಂದ್ರದ ಐಮ್ಯಾಕ್ಸ್, ಟಾಟಾದ ಫ್ಲೀಟ್ ಎಡ್ಜ್ ಅಂಥವು. ಒಂದು ಅಂಕಿಯಿಂದ ಏನೂ ತಿಳಿಯದು. ಸಾಲು ಅಂಕಿಗಳಿಂದ ಎಲ್ಲವೂ ತಿಳಿಯುತ್ತದೆ. ಗಾಡಿ ಚೆನ್ನಾಗಿರುವಾಗಲೇ ಐಡಲ್ಲಿನ ಒತ್ತಡ, ಲೋಡಿನ ಏರಿನ ಒತ್ತಡ, ಸ್ಟಾರ್ಟ್ ಆಗಲು ಹಿಡಿದ ಸೆಕೆಂಡು, ಈ ಮೂರನ್ನು ತಿಂಗಳಿಗೊಮ್ಮೆ ಡೀಸೆಲ್ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಆರನೇ ತಿಂಗಳ ಸಾಲು ಮೊದಲ ತಿಂಗಳ ಸಾಲಿಗಿಂತ ಜಾರಿದ್ದರೆ, ದೀಪ ಹತ್ತುವ ಮೊದಲೇ ಮೇಸ್ತ್ರಿಯ ಬಳಿಗೆ ಹೋಗಬಹುದು. ಮೇಸ್ತ್ರಿಗೂ ಆ ಹಾಳೆಗಿಂತ ಒಳ್ಳೆಯ ಸ್ಕ್ಯಾನರ್ ಇಲ್ಲ.

ಇನ್ನೊಂದಕ್ಕೆ ಮೊಬೈಲೂ ಬೇಡ. ರಾತ್ರಿಯೆಲ್ಲ ನಿಂತ ಗಾಡಿಯ ಫಿಲ್ಟರಿನ ಕೆಳಗಿನ ತಿರುಪನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸಡಿಲಿಸಿ, ಒಂದು ಗಾಜಿನ ಬಾಟಲಿಗೆ ಅರ್ಧ ಲೋಟದಷ್ಟು ಇಳಿಸಿಕೊಳ್ಳಬೇಕು. ಐದು ನಿಮಿಷ ಬಿಟ್ಟು, ಎಣ್ಣೆ ವ್ಯಾಪಾರಿ ಸ್ಯಾಂಪಲ್ ನೋಡುವಂತೆ ಬಿಸಿಲಿಗೆ ಹಿಡಿಯಬೇಕು. ತಿಳಿಯಾಗಿ ಒಂದೇ ಬಣ್ಣವಿದ್ದರೆ ಲೋಡು ಹೇರಬಹುದು. ತಳದಲ್ಲಿ ಗೆರೆ ಕೊಯ್ದಂತೆ ಬೇರೆ ಬಣ್ಣ ನಿಂತಿದ್ದರೆ ಅದು ನೀರು; ಹೊಳೆಯುವ ಪುಡಿ ಕಂಡರೆ ಅದು ಲೋಹ. ಶೇಂಗಾ ಎಣ್ಣೆಯ ಡಬ್ಬಿಯ ತಳದಲ್ಲಿ ಮಡ್ಡಿ ಕಂಡಾಗ ಕೊಳ್ಳದೆ ಹಿಂದೆ ಸರಿಯುವ ಊರು ಇದು. ಈ ಬಾಟಲಿಯ ತಳವನ್ನು ಓದುವುದು ಅದಕ್ಕೆ ಹೊಸ ಪಾಠವೇನೂ ಅಲ್ಲ.